ಹಗೇವಿನಲ್ಲಿ ರಾಗಿ ಉಳಿಯುತ್ತೆ, ಕಾಗದ ಉಳಿಯುತ್ತಾ?

ಪ್ರಶ್ನೆ: ನಾನು ಕೋಲಾರ ತಾಲ್ಲೂಕಿನ ಒಂದು ಹಳ್ಳಿಯ ನಿವೃತ್ತ ಮೇಷ್ಟ್ರು. ನಾನು ಓದಿದ, ಆಮೇಲೆ ಪಾಠವನ್ನೂ ಮಾಡಿದ ಸರ್ಕಾರಿ ಶಾಲೆಗೆ ನೂರು ವರ್ಷ ತುಂಬುತ್ತಿದೆ. ನವೆಂಬರ್ 1ರಂದು ಧ್ವಜಕಂಬದ ಬುಡದಲ್ಲಿ ಒಂದು ಟೈಮ್ ಕ್ಯಾಪ್ಸೂಲ್ ಹೂಳಬೇಕು, 50 ವರ್ಷ ಬಿಟ್ಟು ತೆಗೆಯಬೇಕು ಅಂತ ಹಳೆಯ ವಿದ್ಯಾರ್ಥಿಗಳೆಲ್ಲ ಸೇರಿ ತೀರ್ಮಾನ ಮಾಡಿದ್ದೇವೆ. ಶಾಲೆಯ ಮೊದಲ ಅಡ್ಮಿಷನ್ ರಿಜಿಸ್ಟರ್, ಹಳೆಯ ಗ್ರೂಪ್ ಫೋಟೊಗಳು, ಈಗಿನ ಮಕ್ಕಳು ಬರೆದ ಪತ್ರಗಳು, ಊರಿನ ಚರಿತ್ರೆ ಬರೆದಿರುವ ಒಂದು ಪೆನ್‌ಡ್ರೈವ್, ಜೊತೆಗೆ ಒಂದು ಹಿಡಿ ರಾಗಿ ಇಡುವ ಆಸೆ. ಆರಿಂಚಿನ ಪಿವಿಸಿ ಪೈಪಿಗೆ ಎರಡೂ ಕಡೆ ಕ್ಯಾಪ್ ಅಂಟಿಸಿದರೆ ಸಾಕು ಅನ್ನುತ್ತಾನೆ ಪ್ಲಂಬರ್ ಹುಡುಗ. ಸುತ್ತ ಕಾಂಕ್ರೀಟ್ ಹಾಕಿದರೆ ನೂರು ವರ್ಷ ಗ್ಯಾರಂಟಿ ಅನ್ನುತ್ತಾರೆ ಗಾರೆ ಮೇಸ್ತ್ರಿ. ಎಲ್ಲವನ್ನೂ ಲ್ಯಾಮಿನೇಷನ್ ಮಾಡಿಸಿ, ಕರ್ಪೂರ, ಬೇವಿನ ಸೊಪ್ಪು ಹಾಕಿ ಅಂತ ಇನ್ನೊಬ್ಬರು. ನಮ್ಮ ತಾತನ ಕಾಲದಲ್ಲಿ ಹಗೇವಿನಲ್ಲಿ, ಅಂದರೆ ನೆಲದಲ್ಲಿ ತೋಡಿದ ಕಣಜದಲ್ಲಿ, ಹಾಕಿದ ರಾಗಿ ವರ್ಷಗಟ್ಟಲೆ ಕೆಡುತ್ತಿರಲಿಲ್ಲ. ಹೇಗಿದ್ದರೂ ನಮ್ಮದು ಬರದ ಜಿಲ್ಲೆ, ನೆಲದಲ್ಲಿ ನೀರೇ ಇಲ್ಲ. ಹಾಗಿರುವಾಗ ಕಾಗದಕ್ಕೆ ಏನಾಗುತ್ತದೆ? ಸರಿಯಾದ ಕ್ರಮ ತಿಳಿಸಿ.

ಉತ್ತರ: ಮೇಷ್ಟ್ರೇ, ನಿಮ್ಮ ಪತ್ರದಲ್ಲಿ ಎರಡು ಆಸೆಗಳಿವೆ. ಶಾಲೆಯ ದಾಖಲೆ ಉಳಿಯಬೇಕು ಅನ್ನುವುದು ಒಂದು. ಐವತ್ತು ವರ್ಷದ ಮೇಲೆ ಊರವರೆಲ್ಲ ಸುತ್ತ ನಿಂತು ಪೆಟ್ಟಿಗೆ ತೆರೆಯಬೇಕು ಅನ್ನುವುದು ಇನ್ನೊಂದು. ಎರಡೂ ಒಳ್ಳೆಯವೇ. ಆದರೆ ಎರಡನ್ನೂ ಒಂದೇ ಗುಂಡಿಗೆ ಹಾಕಲು ಹೊರಟಿದ್ದೀರಿ, ತೊಂದರೆ ಇರುವುದು ಅಲ್ಲೇ. ಹಳೆಯ ಕಾಗದ ರಿಪೇರಿ ಮಾಡುವುದು ನನ್ನ ಕಸುಬು. ಕಾಗದ ಇಡಲು ಮಣ್ಣಿನ ಒಳಗಿಗಿಂತ ಕೆಟ್ಟ ಜಾಗ ನನಗೆ ಗೊತ್ತಿಲ್ಲ. ಹೂಳಲೇಬೇಕು ಅಂದರೆ ಅದಕ್ಕೂ ದಾರಿ ಇದೆ, ಮುಂದೆ ಹೇಳುತ್ತೇನೆ. ಆದರೆ ಒಳಗೆ ಹೋಗುವ ಹಳೆಯ ದಾಖಲೆ, ಫೋಟೊಗಳೆಲ್ಲ ನಕಲೇ ಆಗಿರಲಿ. ಮೂಲ ಪ್ರತಿ ಒಂದೂ ಬೇಡ.

ಅದರಲ್ಲೂ ಅಡ್ಮಿಷನ್ ರಿಜಿಸ್ಟರ್ ಅನ್ನು ದಯವಿಟ್ಟು ಮುಟ್ಟಬೇಡಿ. ಅದು ಸರ್ಕಾರಿ ದಾಖಲೆ, ಹೂಳುವ ಅಧಿಕಾರ ಸಮಿತಿಗೂ ಇಲ್ಲ, ಈಗಿನ ಹೆಡ್‌ಮೇಷ್ಟ್ರಿಗೂ ಇಲ್ಲ. ತಾತನ ಜಾತಿ ಯಾವುದು, ಹುಟ್ಟಿದ ತಾರೀಖು ಯಾವುದು ಅಂತ ಇವತ್ತಿಗೂ ಮೊಮ್ಮಕ್ಕಳು ಹಳೇ ರಿಜಿಸ್ಟರ್ ಹುಡುಕಿಕೊಂಡು ಶಾಲೆಗೆ ಬರುತ್ತಾರೆ, ನೀವೇ ಎಷ್ಟು ಜನಕ್ಕೆ ತೆಗೆದು ಕೊಟ್ಟಿರಬೇಕು. ಅದರ ಪುಟಗಳನ್ನು ಚೆನ್ನಾಗಿ ಫೋಟೊ ತೆಗೆಸಿ, ಪ್ರಿಂಟ್ ಹಾಕಿಸಿ, ಆ ಪ್ರಿಂಟ್ ಇಡಿ. ಅದರಲ್ಲೂ ಮನೆ ಮನೆಯ ವಿವರ ಇರುವ ಕಾಲಂಗಳನ್ನು ಬಿಟ್ಟರೆ ಇನ್ನೂ ಒಳ್ಳೆಯದು.

ಈಗ ಹಗೇವಿನ ವಿಷಯ. ಇದು ತಳ್ಳಿಹಾಕುವ ಮಾತಲ್ಲ. ಹಗೇವು ನಿಜಕ್ಕೂ ಕೆಲಸ ಮಾಡುತ್ತಿತ್ತು. ಯಾಕೆ ಅಂತ ನೋಡಿದರೆ ನಿಮ್ಮ ಪೆಟ್ಟಿಗೆಯ ಅರ್ಧ ಪಾಠ ಅಲ್ಲೇ ಸಿಗುತ್ತದೆ. ಊರಿನ ಎತ್ತರದ ಜಾಗ ನೋಡಿ, ಗಟ್ಟಿ ಗರಸು ನೆಲದಲ್ಲಿ ಅಗೆಯುತ್ತಿದ್ದರು. ಬಾಯಿ ಚಿಕ್ಕದು, ಹೊಟ್ಟೆ ದೊಡ್ಡದು. ಸುತ್ತ ಹುಲ್ಲು ಹಾಸಿ, ಚೆನ್ನಾಗಿ ಒಣಗಿದ ರಾಗಿ ತುಂಬಿ, ಬಾಯಿಗೆ ಚಪ್ಪಡಿ ಮುಚ್ಚಿ ಮಣ್ಣು ಮೆತ್ತುತ್ತಿದ್ದರು. ಕಾಳು ಉಸಿರಾಡುತ್ತದಲ್ವಾ, ಒಳಗಿದ್ದ ಆಮ್ಲಜನಕ ಹಾಗೇ ಖರ್ಚಾಗಿ ಕಾರ್ಬನ್ ಡೈ ಆಕ್ಸೈಡ್ ತುಂಬಿಕೊಳ್ಳುತ್ತಿತ್ತು. ಹುಳ ಬದುಕುತ್ತಿರಲಿಲ್ಲ. ತೆರೆದ ತಕ್ಷಣ ಒಳಗೆ ಇಳಿದವರು ಉಸಿರುಗಟ್ಟಿ ಸಾಯುತ್ತಿದ್ದದ್ದೂ ಇದೇ ಕಾರಣಕ್ಕೆ. ಆದರೆ ಅಜ್ಜಂದಿರು ಹೇಳದೆ ಬಿಟ್ಟ ಒಂದು ವಿಷಯ ಇದೆ. ಗೋಡೆಗೆ ತಾಗಿದ ರಾಗಿ ತೇವ ಕುಡಿದು, ಕಪ್ಪಾಗಿ, ಗಟ್ಟಿ ಹೆಪ್ಪಾಗಿರುತ್ತಿತ್ತು. ಅದನ್ನು ಕೆರೆದು ಪಕ್ಕಕ್ಕೆ ಹಾಕಿ ನಡುವಿನ ರಾಗಿ ತೆಗೆಯುತ್ತಿದ್ದರು. ಪಲ್ಲಗಟ್ಟಲೆ ರಾಗಿಯಲ್ಲಿ ಒಂದು ಗೇಣು ಹಾಳಾದರೆ ಯಾರು ಲೆಕ್ಕ ಇಡುತ್ತಾರೆ? ನಿಮ್ಮ ಪೆಟ್ಟಿಗೆಯಲ್ಲಿ ಇರುವುದೇ ಒಂದು ಗೇಣು ಕಾಗದ.

ಇನ್ನು "ನಮ್ಮ ಕಡೆ ನೀರೇ ಇಲ್ಲ" ಅನ್ನುವುದು. ಬೋರ್‌ವೆಲ್ ಕೊರೆಸುವವನಿಗೆ ನೀರಿಲ್ಲ, ಕಾಗದಕ್ಕೆ ಇದೆ. ಬೆಳೆ ಬಾಡಿಹೋಗುವಷ್ಟು ಒಣಗಿದ ಮಣ್ಣಿನಲ್ಲೂ ಕಣಗಳ ನಡುವಿನ ಗಾಳಿಯ ತೇವ ಶೇ 98ರ ಆಸುಪಾಸಿನಲ್ಲೇ ಇರುತ್ತದೆ. ಕಾಗದಕ್ಕೆ ಬೂಸ್ಟು ಹಿಡಿಯಲು ಶೇ 65–70 ಸಾಕು. ಅಂದರೆ ಗುಂಡಿಗೆ ಒಂದು ಹನಿ ನೀರು ಬರದಿದ್ದರೂ ಕಾಗದ ಹಾಳಾಗಬಹುದು. ಮೇಲಾಗಿ ಈಗ ಕೋಲಾರ ಹಳೆಯ ಕೋಲಾರವಲ್ಲ. 2018ರಿಂದ ಕೆ.ಸಿ. ವ್ಯಾಲಿ ಯೋಜನೆಯಲ್ಲಿ ಬೆಂಗಳೂರಿನ ಸಂಸ್ಕರಿಸಿದ ಕೊಳಚೆ ನೀರು ಕೆರೆಗಳಿಗೆ ಬರುತ್ತಿದೆ. 2021ರ ನವೆಂಬರ್ ಮಳೆಗೆ ಎಷ್ಟೋ ವರ್ಷ ತುಂಬದ ಕೆರೆಗಳು ಕೋಡಿ ಹೋದದ್ದನ್ನು ನೀವೇ ನೋಡಿದ್ದೀರಿ. ನಿಮ್ಮ ಶಾಲೆ ಕೆರೆಯ ಕೆಳಗಿನ ಅಚ್ಚುಕಟ್ಟಿನ ಕಡೆ ಇದ್ದರಂತೂ ಹೂಳುವ ಮಾತೇ ಬೇಡ ಅನ್ನುತ್ತೇನೆ. ಮುಂದಿನ ಐವತ್ತು ವರ್ಷದಲ್ಲಿ ಅಂತರ್ಜಲ ಎಲ್ಲಿರುತ್ತದೆ ಅಂತ ಇವತ್ತಿನ ಬೋರ್‌ವೆಲ್ ನೋಡಿ ಹೇಳಲು ಆಗುವುದಿಲ್ಲ.

ಮೇಸ್ತ್ರಿಯವರ ಕಾಂಕ್ರೀಟ್ ಗ್ಯಾರಂಟಿಗೆ ಅಮೆರಿಕದ ಟಲ್ಸಾ ಊರಿನವರೇ ಉತ್ತರ ಕೊಟ್ಟಿದ್ದಾರೆ. 1957ರಲ್ಲಿ ಅವರು ಒಂದು ಹೊಚ್ಚ ಹೊಸ ಪ್ಲಿಮತ್ ಕಾರನ್ನು ಕಾಂಕ್ರೀಟ್ ನೆಲಮಾಳಿಗೆಯಲ್ಲಿ ಹೂತಿಟ್ಟರು. ಅಣುಬಾಂಬ್ ಬಿದ್ದರೂ ಏನೂ ಆಗುವುದಿಲ್ಲ ಅನ್ನುವ ಮಾತೂ ಇತ್ತು. 2007ರಲ್ಲಿ ತೆರೆದಾಗ ಮಾಳಿಗೆ ತುಂಬ ನೀರು, ಕಾರು ಪೂರ್ತಿ ತುಕ್ಕು. ಕಾಂಕ್ರೀಟ್ ನೋಡಲು ಬಂಡೆಯ ಹಾಗೆ ಕಂಡರೂ ಒಳಗೆಲ್ಲ ಸಣ್ಣ ಸಣ್ಣ ರಂಧ್ರ. ನೀರು ಕುಡಿಯುತ್ತದೆ, ಕುಡಿದದ್ದನ್ನು ಸುಲಭಕ್ಕೆ ಬಿಡುವುದಿಲ್ಲ. ಆದರೆ ಅದೇ ಗುಂಡಿಯಲ್ಲಿ ಕಾರಿನ ಜೊತೆಗೆ ಇನ್ನೊಂದು ಚಿಕ್ಕ ಉಕ್ಕಿನ ಪಾತ್ರೆ ಇತ್ತು, ಗಟ್ಟಿಯಾಗಿ ಸೀಲ್ ಮಾಡಿದ್ದು. ಅದರೊಳಗಿನ ಕಾಗದಪತ್ರ, ಬಾವುಟ ಚೆನ್ನಾಗೇ ಸಿಕ್ಕವು. ಒಂದೇ ಗುಂಡಿ, ಒಂದೇ ನೀರು.

ಪಿವಿಸಿ ಪೈಪಿನ ತೊಂದರೆ ಬೇರೆ. ಅಂಟು ಚೆನ್ನಾಗಿ ಹಿಡಿದರೆ ನೀರೇನೋ ಸುಲಭಕ್ಕೆ ನುಗ್ಗುವುದಿಲ್ಲ. ಆದರೆ ಯಾವ ಪ್ಲಾಸ್ಟಿಕ್ ಆದರೂ ನೀರಿನ ಆವಿಯನ್ನು ನಿಧಾನಕ್ಕೆ ಒಳಗೆ ಬಿಡುತ್ತದೆ. ಒಂದೆರಡು ವರ್ಷಕ್ಕೆ ಗೊತ್ತಾಗುವುದಿಲ್ಲ, ಐವತ್ತು ವರ್ಷಕ್ಕೆ ಒಳಗೂ ಹೊರಗೂ ಒಂದೇ ಆಗಿರುತ್ತದೆ. ಆವಿಯನ್ನು ಪೂರ್ತಿ ತಡೆಯುವುದು ಲೋಹ ಮತ್ತು ಗಾಜು ಮಾತ್ರ. ರಬ್ಬರ್ ವಾಷರ್ ಇರುವ ತಿರುಗಣೆ ಮುಚ್ಚಳವನ್ನೂ ನಂಬಬೇಡಿ. ರಬ್ಬರ್ ಕ್ರಮೇಣ ಗಟ್ಟಿಯಾಗಿ ಸೀಳು ಬಿಡುತ್ತದೆ. ಬಿಸಿಲು ಕಾಲಕ್ಕೆ ಒಳಗಿನ ಗಾಳಿ ಹಿಗ್ಗಿ ಆ ಸೀಳಿನಿಂದ ಹೊರಗೆ ಹೋಗುತ್ತದೆ, ಚಳಿಗೆ ಕುಗ್ಗಿದಾಗ ಸುತ್ತಲಿನ ತೇವದ ಗಾಳಿಯನ್ನು ಒಳಗೆಳೆದುಕೊಳ್ಳುತ್ತದೆ. ವರ್ಷ ವರ್ಷ ಇದೇ ಕಥೆ. ಪಾತ್ರೆ ಅಂಗಡಿಯ ಸ್ಟೀಲ್ ಡಬ್ಬಕ್ಕೆ ವಾಷರೂ ಇರುವುದಿಲ್ಲ.

ಲ್ಯಾಮಿನೇಷನ್ ಬಗ್ಗೆ ಸ್ವಲ್ಪ ಜಾಸ್ತಿ ಹೇಳಬೇಕು, ಯಾಕೆಂದರೆ ನಮ್ಮ ಜನ ಪ್ರೀತಿಯಿಂದ ಕಾಗದ ಕೆಡಿಸುವ ರೀತಿ ಇದು. ನನ್ನ ಮೇಜಿಗೆ ಲ್ಯಾಮಿನೇಟ್ ಆದ ಕ್ರಯಪತ್ರಗಳು ಬರುತ್ತಲೇ ಇರುತ್ತವೆ. ಅಂಚಿನಲ್ಲಿ ಪ್ಲಾಸ್ಟಿಕ್ ಎರಡು ಪದರವಾಗಿ ಬಾಯಿ ಬಿಟ್ಟಿರುತ್ತದೆ. ಅಲ್ಲಿಂದ ತೇವ ನುಗ್ಗಿ ಕಂದು ಬಣ್ಣದ ಒಂದು ಗೆರೆ ನಕ್ಷೆಯಲ್ಲಿ ಹೊಳೆ ಬರೆದ ಹಾಗೆ ಒಳಗೆ ಹೊರಟಿರುತ್ತದೆ. ಛಾಪಾ ಕಾಗದದ ಮುದ್ರೆಯ ಬಣ್ಣ ಪ್ಲಾಸ್ಟಿಕ್ಕಿಗೆ ಅಂಟಿಕೊಂಡಿರುತ್ತದೆ. ಬಿಡಿಸಿಕೊಡಿ ಅನ್ನುತ್ತಾರೆ. ಬಿಸಿ ಮಾಡಿ ಕರಗಿಸಿದ ಅಂಟು ಕಾಗದದ ನಾರಿನೊಳಗೇ ಇಳಿದಿರುತ್ತದೆ, ಹೇಗೆ ಬಿಡಿಸುವುದು? ಕಾಗದದಲ್ಲೇ ಇರುವ ಹುಳಿ ಅಂಶವೂ ಹೊರಗೆ ಹೋಗಲು ದಾರಿ ಇಲ್ಲದೆ ಒಳಗೇ ಉಳಿದು ಕಾಗದವನ್ನು ತಿನ್ನುತ್ತದೆ. ಪಾರದರ್ಶಕ ಹೊದಿಕೆ ಬೇಕೇ ಬೇಕು ಅಂದರೆ ಪಾಲಿಯೆಸ್ಟರ್ ಹಾಳೆಯ ಕವರ್ ತೆಗೆದುಕೊಳ್ಳಿ. ಅಂಟಿಸಬೇಡಿ, ಸುಮ್ನೆ ಒಳಗೆ ಸೇರಿಸಿ. ಫೈಲು ಅಂಗಡಿಯ ಮೆತ್ತನೆಯ ಪಿವಿಸಿ ಕವರ್ ಬೇಡ, ಜೆರಾಕ್ಸಿನ ಅಕ್ಷರಗಳು ಅದಕ್ಕೆ ಅಂಟಿ ಎದ್ದು ಬರುತ್ತವೆ.

ಕರ್ಪೂರ, ನುಸಿಗುಳಿಗೆ ಎರಡೂ ಆವಿಯಾಗಿ ಮತ್ತೆ ಬೇರೆ ಕಡೆ ಹರಳುಗಟ್ಟುತ್ತವೆ. ಮುಚ್ಚಿದ ಡಬ್ಬದಲ್ಲಿ ಆ ಬೇರೆ ಕಡೆ ಅಂದರೆ ನಿಮ್ಮ ಫೋಟೊ. ಹಸಿ ಬೇವಿನ ಸೊಪ್ಪು ಹಾಕಿದರೆ ನೀವೇ ಕೈಯಾರೆ ನೀರು ತಂದು ಹಾಕಿದ ಹಾಗಾಯಿತು. ತಾಳೆಗರಿ ಗ್ರಂಥಗಳು ಉಳಿದದ್ದು ಬೇವಿನಿಂದ ಅಂತ ಜನ ನಂಬಿದ್ದಾರೆ. ಅವು ಉಳಿದದ್ದು ಆಗಾಗ ಬಿಚ್ಚಿ, ಧೂಳು ಕೊಡವಿ, ಎಣ್ಣೆ ಸವರಿ, ಹಾಳಾಗುತ್ತಿದೆ ಅನಿಸಿದಾಗ ಇನ್ನೊಂದು ಗರಿಗೆ ನಕಲು ಮಾಡಿದ್ದರಿಂದ. ಹೂಳಿದ ಪೆಟ್ಟಿಗೆಗೆ ಆ ಭಾಗ್ಯ ಇಲ್ಲ.

ಅದಕ್ಕೇ ನನ್ನ ಮೊದಲ ಸಲಹೆ ಹೂಳುವುದಲ್ಲ. ಶಾಲೆಯ ಗಟ್ಟಿ ಗೋಡೆಯಲ್ಲಿ, ನೆಲಗಟ್ಟಿಗಿಂತ ಮೂರು ನಾಲ್ಕು ಅಡಿ ಮೇಲೆ ಒಂದು ಗೂಡು ಮಾಡಿಸಿ. ಹೊರಗೋಡೆ ಬೇಡ, ಬಚ್ಚಲು ಅಥವಾ ನೀರಿನ ಟ್ಯಾಂಕಿನ ಪಕ್ಕ ಬೇಡ, ಒಳಗೋಡೆ ಸಾಕು. ಅದರಲ್ಲಿ ಸ್ಟೇನ್‌ಲೆಸ್ ಸ್ಟೀಲ್ ಪೆಟ್ಟಿಗೆ ಇಟ್ಟು, ಮುಂದೆ ಒಂದು ಕಲ್ಲಿನ ಫಲಕ ಕೂರಿಸಿ. ಶಿವಾರಪಟ್ಟಣದ ಶಿಲ್ಪಿಗಳು ಹತ್ತಿರದಲ್ಲೇ ಇದ್ದಾರೆ, ಯಾವತ್ತು ಇಟ್ಟದ್ದು, ಯಾವತ್ತು ತೆಗೆಯಬೇಕು ಅಂತ ಚೆಂದಕ್ಕೆ ಕೆತ್ತಿಕೊಡುತ್ತಾರೆ. ಖರ್ಚು ಕಡಿಮೆ, ನೀರಿನ ಭಯ ಕಡಿಮೆ, ಎಲ್ಲಿದೆ ಅಂತ ಹುಡುಕಬೇಕಿಲ್ಲ. ಅಪಾಯ ಇರುವುದು ಕಟ್ಟಡ ಕೆಡವುವಾಗ. ಗುತ್ತಿಗೆದಾರ ಕಲ್ಲನ್ನೂ ಪೆಟ್ಟಿಗೆಯನ್ನೂ ಒಟ್ಟಿಗೆ ಟ್ರ್ಯಾಕ್ಟರಿಗೆ ತುಂಬಿ ಕಳಿಸಬಹುದು.

ಇಲ್ಲ, ಊರವರು ಒಪ್ಪುವುದಿಲ್ಲ, ಹೂಳಲೇಬೇಕು ಅನ್ನುವುದಾದರೆ, ಹೀಗೆ ಮಾಡಿ. ನರಸಾಪುರ, ವೇಮಗಲ್ ಕಡೆಯ ಫ್ಯಾಬ್ರಿಕೇಷನ್ ಶೆಡ್‌ಗಳಲ್ಲಿ ಆರ್ಗಾನ್ ವೆಲ್ಡಿಂಗ್ ಮಾಡುವವರು ಸಿಗುತ್ತಾರೆ. ಕನಿಷ್ಠ 3 ಮಿ.ಮೀ. ದಪ್ಪದ ಸ್ಟೇನ್‌ಲೆಸ್ ಪೈಪಿನ ತುಂಡಿಗೆ ತಳ ಬೆಸುಗೆ ಹಾಕಿಸಿ. 316 ಗ್ರೇಡ್ ಆದರೆ ಒಳ್ಳೆಯದು, ಆಗದಿದ್ದರೆ 304. ಅದಕ್ಕಿಂತ ಅಗ್ಗದ್ದು ಬೇಡ, ಉಪ್ಪಿನಂಶ ಇರುವ ಮಣ್ಣಿನಲ್ಲಿ ಸೂಜಿ ಚುಚ್ಚಿದಷ್ಟು ಸಣ್ಣ ತೂತು ಬೀಳುತ್ತದೆ, ಅಷ್ಟು ಸಾಕು. ಕಾಗದ ಹಾಕುವ ಮುಂಚೆ ಬಾಯಿ ಮೇಲಕ್ಕೆ ಹಿಡಿದು ಪಾತ್ರೆಯನ್ನು ನೀರಿನ ತೊಟ್ಟಿಯಲ್ಲಿ ಒತ್ತಿ, ತಳದ ಬೆಸುಗೆಯಿಂದ ಒಳಗೆ ಜಿನುಗುತ್ತಾ ನೋಡಿ. ಆಮೇಲೆ ಪೂರ್ತಿ ಒಣಗಿಸಿ. ಮೇಲ್ಗಡೆ ಒಂದು ಗೇಣು ಖಾಲಿ ಬಿಡಿ, ಮುಚ್ಚಳ ಬೆಸೆಯುವಾಗ ಬಿಸಿ ಕಾಗದಕ್ಕೆ ತಟ್ಟಬಾರದು. ಸ್ವಲ್ಪ ಬೆಸೆದು, ಆರಲು ಬಿಟ್ಟು, ಮತ್ತೆ ಬೆಸೆಯಲು ಹೇಳಿ. ಆತುರದ ವೆಲ್ಡರ್ ಸಿಕ್ಕರೆ ನೀವೇ ಪಕ್ಕದಲ್ಲಿ ನಿಲ್ಲಿ. ಮುಚ್ಚುವ ಮುಂಚೆ ಅವರದ್ದೇ ಸಿಲಿಂಡರಿನ ಆರ್ಗಾನನ್ನು ಒಂದು ಕೊಳವೆಯಿಂದ ತಳದವರೆಗೆ ಬಿಟ್ಟರೆ, ಅದು ಗಾಳಿಗಿಂತ ಭಾರ, ಗಾಳಿಯನ್ನು ಮೇಲಕ್ಕೆ ತಳ್ಳುತ್ತದೆ. 1938ರಲ್ಲಿ ನ್ಯೂಯಾರ್ಕಿನಲ್ಲಿ ವೆಸ್ಟಿಂಗ್‌ಹೌಸ್ ಕಂಪನಿ ಹೂಳಿದ ಪಾತ್ರೆಯಲ್ಲೂ ವಸ್ತುಗಳನ್ನು ನೈಟ್ರೋಜನ್ ತುಂಬಿದ ಗಾಜಿನ ಒಳಗೆ ಇಟ್ಟಿದ್ದರು.

ಈಗ ಮುಖ್ಯವಾದ ಮಾತು, ತಾರೀಖು. ಹತ್ತು ಲೀಟರಿನ ಪಾತ್ರೆಯಲ್ಲಿರುವ ಗಾಳಿಯಲ್ಲಿ ಕಾಲು ಗ್ರಾಂ ನೀರೂ ಇರುವುದಿಲ್ಲ. ಆದರೆ ಎರಡು ಕೆಜಿ ಕಾಗದದಲ್ಲಿ ಮಾಮೂಲಿ ದಿನಗಳಲ್ಲೇ ನೂರು ಗ್ರಾಂಗಿಂತ ಜಾಸ್ತಿ ನೀರಿರುತ್ತದೆ. ಜನ ಗಾಳಿ ತೆಗೆಯುವ ಚಿಂತೆ ಮಾಡುತ್ತಾರೆ, ನೀರು ಕಾಗದದ ಜೊತೆ ಒಳಗೆ ಹೋಗಿ ಕೂತಿರುತ್ತದೆ. ನವೆಂಬರ್ ಮೊದಲ ವಾರ ಅಂದರೆ ಹಿಂಗಾರು, ಕಾಗದ ಮುಟ್ಟಿದರೆ ತಣ್ಣಗೆ, ಮೆತ್ತಗೆ ಇರುವ ಕಾಲ. ಆವತ್ತು ತುಂಬಿ ಸೀಲ್ ಮಾಡಬೇಡಿ. ಮಾರ್ಚ್ ತಿಂಗಳ ಒಣ ಮಧ್ಯಾಹ್ನಗಳಲ್ಲಿ ಕಾಗದಗಳನ್ನು ನೆರಳಿನಲ್ಲಿ ಒಂದು ವಾರ ಹರಡಿ, ಆಗಲೇ ತುಂಬಿ ಬೆಸುಗೆ ಹಾಕಿಸಿ. ಬಿಸಿಲಿಗೆ ಹಾಕಬೇಡಿ, ಒಲೆಯ ಹತ್ತಿರ ಇಡಬೇಡಿ. ಎರಡು ಕೆಜಿ ಕಾಗದಕ್ಕೆ 100–150 ಗ್ರಾಂ ಹೊಸ ಸಿಲಿಕಾ ಜೆಲ್ ಬಟ್ಟೆ ಚೀಲದಲ್ಲಿ ಕಟ್ಟಿಡಿ. ಸೋರುವ ಪಾತ್ರೆಯಲ್ಲಿ ಸಿಲಿಕಾ ಜೆಲ್ ಎಷ್ಟಿದ್ದರೂ ಒಂದೇ, ಹೊಟ್ಟೆ ತುಂಬಿದ ಮೇಲೆ ಅದು ಬರೀ ಮರಳು. ಸಮಾರಂಭ ಬೇಕಾದರೆ ರಾಜ್ಯೋತ್ಸವದ ದಿನವೇ ಆಗಲಿ, ಮಂತ್ರಿಗಳು ಬಂದು ಸೀಲ್ ಆದ ಪಾತ್ರೆಯನ್ನು ಗುಂಡಿಗೆ ಇಳಿಸಲಿ.

ಒಳಗಿನ ವಸ್ತುಗಳು. ಮಕ್ಕಳ ಪತ್ರವನ್ನು ಪೆನ್ಸಿಲಿನಲ್ಲಿ ಬರೆಸಿ. ಪೆನ್ಸಿಲ್ ಸೀಸ ಅಂದರೆ ಇಂಗಾಲ, ಮಾಸುವುದೂ ಇಲ್ಲ, ನೀರಿಗೆ ಕದಡುವುದೂ ಇಲ್ಲ. ಸ್ಕೆಚ್ ಪೆನ್, ಜೆಲ್ ಪೆನ್ ಬೇಡ. ನಕಲುಗಳಿಗೆ ಲೇಸರ್ ಪ್ರಿಂಟ್ ಅಥವಾ ಜೆರಾಕ್ಸ್ ಸರಿ, ಅದರ ಕಪ್ಪೂ ಇಂಗಾಲವೇ. ಈಗ ಸಿಗುವ ಒಳ್ಳೆಯ ಜೆರಾಕ್ಸ್ ಕಾಗದಕ್ಕೆ ಸಾಮಾನ್ಯವಾಗಿ ಸುಣ್ಣದ ಅಂಶ ಬೆರೆಸಿರುತ್ತಾರೆ, ಹುಳಿಯನ್ನು ಅದು ಕೊಲ್ಲುತ್ತದೆ. ದಿನಪತ್ರಿಕೆಯನ್ನು ಹಾಗೇ ಇಡಬೇಡಿ, ಪಕ್ಕದ ಹಾಳೆಯನ್ನೂ ಹಳದಿ ಮಾಡುತ್ತದೆ, ಅದರ ಜೆರಾಕ್ಸ್ ಇಡಿ. ಬಸ್ ಟಿಕೆಟ್, ಅಂಗಡಿ ಬಿಲ್ಲು ಇಡುವ ಆಸೆ ಎಲ್ಲರಿಗೂ ಇರುತ್ತದೆ, ಮಷೀನಿನಿಂದ ಬರುವ ಆ ನುಣುಪು ಕಾಗದದ ಅಕ್ಷರ ಕೆಲವೇ ವರ್ಷಕ್ಕೆ ಮಾಯ. ಪಿನ್ನು, ರಬ್ಬರ್ ಬ್ಯಾಂಡ್, ಸೆಲ್ಲೊ ಟೇಪ್ ಒಂದೂ ಇರಬಾರದು, ಹತ್ತಿ ಲಾಡಿಯಲ್ಲಿ ಕಟ್ಟಿ. ರಾಗಿಯನ್ನು ಕಾಗದದ ಜೊತೆ ಸೇರಿಸಬೇಡಿ, ಬೇರೆ ಗಾಜಿನ ಶೀಶೆಯಲ್ಲಿ ಬಿಗಿಯಾಗಿ ಮುಚ್ಚಿಡಿ, ಮೊಳಕೆ ಬರುತ್ತದೆ ಅಂತ ಆಸೆ ಇಟ್ಟುಕೊಳ್ಳಬೇಡಿ.

ಪೆನ್‌ಡ್ರೈವ್ ಇಡಿ, ಮಕ್ಕಳಿಗೆ ಅದೊಂದು ಮ್ಯೂಸಿಯಂ ವಸ್ತು ಆಗಲಿ. ಊರಿನ ಚರಿತ್ರೆ ಅದರಲ್ಲಿ ಮಾತ್ರ ಇದ್ದರೆ ಹೋಯಿತು ಅಂತಲೇ ತಿಳಿಯಿರಿ. ಅದರ ಒಳಗಿನ ವಿದ್ಯುತ್ ಗುರುತುಗಳು ವರ್ಷಗಳು ಕಳೆದ ಹಾಗೆ ಸೋರಿ ಹೋಗುತ್ತವೆ. ಉಳಿದರೂ ಓದುವ ಯಂತ್ರ ಬೇಕಲ್ಲ, ಇವತ್ತು ಒಂದು ಫ್ಲಾಪಿ ಕೊಟ್ಟರೆ ಕೋಲಾರದಲ್ಲಿ ಯಾರು ಓದಿ ಕೊಡುತ್ತಾರೆ? ಕನ್ನಡಕ್ಕೆ ಇನ್ನೊಂದು ಕಂಟಕ ಇದೆ. ನಿಮ್ಮ ಊರಿನ ಚರಿತ್ರೆ 'ನುಡಿ' ಅಥವಾ 'ಬರಹ' ತಂತ್ರಾಂಶದ ಹಳೆಯ ಫಾಂಟಿನಲ್ಲಿ ಟೈಪ್ ಆಗಿದ್ದರೆ, ಆ ಫಾಂಟ್ ಇಲ್ಲದ ಕಂಪ್ಯೂಟರಿನಲ್ಲಿ ಈಗಲೇ ಅರ್ಥವಿಲ್ಲದ ಇಂಗ್ಲಿಷ್ ಅಕ್ಷರಗಳು ಕಾಣುತ್ತವೆ. ಮೊದಲು ಎಲ್ಲ ಕಂಪ್ಯೂಟರಿಗೂ ಗೊತ್ತಿರುವ ಯೂನಿಕೋಡಿಗೆ ಬದಲಾಯಿಸಿ, ಪ್ರಿಂಟ್ ತೆಗೆದು, ಒಂದು ಪ್ರತಿ ಪಾತ್ರೆಗೆ, ನಾಲ್ಕೈದು ಪ್ರತಿ ಬೇರೆ ಬೇರೆ ಲೈಬ್ರರಿಗಳಿಗೆ. ಒಂದು ಪುಟದಷ್ಟು ಸಾರಾಂಶವನ್ನು ತಾಮ್ರದ ತಗಡಿನ ಮೇಲೆ ಆಳವಾಗಿ ಕೆತ್ತಿಸಿದರೆ ಅದಕ್ಕೆ ನೀರು ಬಂದರೂ ಚಿಂತೆ ಇಲ್ಲ. ಕುವಲಾಲಪುರದ, ಅಂದರೆ ಇದೇ ಕೋಲಾರದ, ಗಂಗರು ತಾಮ್ರಪಟ ಬರೆಸಿದ್ದು ಸುಮ್ಮನೆ ಅಲ್ಲ.

ಗುಂಡಿ ಧ್ವಜಕಂಬದ ಬುಡದಲ್ಲಿ ಬೇಡ. ಧ್ವಜಕಂಬ ಸಾಮಾನ್ಯವಾಗಿ ಇರುವುದು ಆಟದ ಮೈದಾನದ ನಡುವೆ, ಮಳೆ ನೀರು ನಿಲ್ಲುವುದೂ ಅಲ್ಲೇ. ಶಾಲೆಯ ಎತ್ತರದ ಮೂಲೆ ಹುಡುಕಿ, ಶೌಚಾಲಯದ ಗುಂಡಿಯಿಂದ ದೂರ, ಹೊಂಗೆ, ಅರಳಿ ಮರದ ಬೇರಿನಿಂದ ದೂರ. ನಾಲ್ಕೈದು ಅಡಿ ಆಳ ಸಾಕು, ಅಲ್ಲಿ ಬಿಸಿಲು ಚಳಿಯ ಏರಿಳಿತ ಕಡಿಮೆ. ತಳಕ್ಕೆ ಜಲ್ಲಿ ಹಾಸಿ, ಪಾತ್ರೆ ನಿಲ್ಲಿಸಿ, ಸುತ್ತ ಹೊಳೆ ಮರಳು ತುಂಬಿ.

ಮಣ್ಣಿಗಿಂತ ಮರೆವು ದೊಡ್ಡ ಶತ್ರು. ಹೂತ ಪೆಟ್ಟಿಗೆಗಳು ಕೊಳೆತು ಹೋಗುವುದಕ್ಕಿಂತ ಎಲ್ಲಿವೆ ಅಂತ ಗೊತ್ತಾಗದೆ ಹೋಗುವುದೇ ಜಾಸ್ತಿ. ವೆಸ್ಟಿಂಗ್‌ಹೌಸಿನವರು ಇದನ್ನು ಯೋಚಿಸಿ, ಪಾತ್ರೆ ಇರುವ ಜಾಗದ ಅಕ್ಷಾಂಶ ರೇಖಾಂಶ ಬರೆದ ಒಂದು ಪುಸ್ತಕ ಅಚ್ಚು ಹಾಕಿಸಿ ಲೋಕದ ಎಷ್ಟೋ ಲೈಬ್ರರಿಗಳಿಗೆ ಕಳಿಸಿದರು. ನೀವು ಶಾಲೆ, ಪಂಚಾಯಿತಿ, ಜಿಲ್ಲಾ ಗ್ರಂಥಾಲಯ ಮೂರು ಕಡೆ ಒಂದೊಂದು ಹಾಳೆ ಕೊಡಿ. ಜಿಪಿಎಸ್ ಅಂಕಿ, ಜೊತೆಗೆ ದೇವಸ್ಥಾನದ ಮೂಲೆ, ಬಾವಿಯ ಕಟ್ಟೆ, ಸರ್ವೆ ಕಲ್ಲು, ಈ ಮೂರರಿಂದ ಎಷ್ಟೆಷ್ಟು ದೂರ ಅಂತ ಅಳತೆ. ಮೆಟಲ್ ಡಿಟೆಕ್ಟರ್ ಇದೆಯಲ್ಲ ಅನ್ನಬೇಡಿ, ಸ್ಟೇನ್‌ಲೆಸ್ ಅದರ ಕಣ್ಣಿಗೆ ಅಷ್ಟು ಸುಲಭಕ್ಕೆ ಬೀಳುವುದಿಲ್ಲ. ಒಳಗೆ ಏನಿದೆ ಅನ್ನುವ ಪಟ್ಟಿಯನ್ನೂ ಎಲ್ಲರಿಗೂ ತೋರಿಸಿ. 1973ರ ಆಗಸ್ಟ್ 15ರಂದು ಇಂದಿರಾ ಗಾಂಧಿ ಸರ್ಕಾರ ಕೆಂಪುಕೋಟೆಯಲ್ಲಿ ಹೂಳಿದ ಕಾಲಪಾತ್ರೆಯಲ್ಲಿ ಏನು ಬರೆದಿದ್ದಾರೆ ಅಂತಲೇ ಜಗಳ ಎದ್ದು, 1977ರಲ್ಲಿ ಸರ್ಕಾರ ಬದಲಾದ ಮೇಲೆ ಅಗೆದು ತೆಗೆದರು. ಯಾರ ಹೆಸರು ಸೇರಿದೆ, ಯಾರದ್ದು ಬಿಟ್ಟಿದೆ ಅನ್ನುವುದು ದೆಹಲಿಯಲ್ಲಿ ಮಾತ್ರ ಆಗುವ ಜಗಳವಲ್ಲ. ಐವತ್ತರ ಬದಲು ಇಪ್ಪತ್ತೈದು ವರ್ಷ ಇಡಬಹುದಾ ಅಂತಲೂ ಸಮಿತಿಯಲ್ಲಿ ಕೇಳಿ ನೋಡಿ. ಈಗ ಏಳನೇ ಕ್ಲಾಸಿನಲ್ಲಿ ಪತ್ರ ಬರೆಯುವ ಹುಡುಗಿ ಆಗ ಅದೇ ಶಾಲೆಗೆ ತನ್ನ ಮಗುವನ್ನು ಕರೆದುಕೊಂಡು ಬರುವ ವಯಸ್ಸಿನಲ್ಲಿರುತ್ತಾಳೆ.

ಆ ಹಾಳೆಯಲ್ಲೇ ತೆರೆಯುವವರಿಗೂ ನಾಲ್ಕು ಸಾಲು ಬರೆದಿಡಿ. ಗ್ಯಾಸ್ ಕಟರ್ ಹಚ್ಚಬಾರದು, ಮೇಲಿನ ಖಾಲಿ ಗೇಣಿನಲ್ಲಿ ಗುರುತು ಹಾಕಿದ ಗೆರೆಯ ಮೇಲೆ ಹ್ಯಾಕ್‌ಸಾ ಬ್ಲೇಡಿನಿಂದ ಕೊಯ್ಯಬೇಕು. ವೇದಿಕೆಯ ಮೇಲೆ ಬಿಸಿಲಿನಲ್ಲಿ ಬೇಡ, ಕೋಣೆಯೊಳಗೆ ತೆರೆಯಬೇಕು. ಸುರುಳಿ ಸುತ್ತಿದ ಕಾಗದವನ್ನು ಅವತ್ತೇ ಬಿಡಿಸಬಾರದು, ಎರಡು ಮೂರು ದಿನ ಹೊರಗಿನ ಹವೆಗೆ ಹೊಂದಿಕೊಳ್ಳಲಿ. ಒಳಗೆ ನೀರು ಹೋಗಿದ್ದರೆ ಅಂಟಿದ ಹಾಳೆಗಳನ್ನು ಕಿತ್ತು ನೋಡಲು ಹೋಗಬಾರದು. ಇಡೀ ಕಟ್ಟನ್ನು ಹಾಗೇ ಪ್ಲಾಸ್ಟಿಕ್ ಚೀಲಕ್ಕೆ ಹಾಕಿ ಫ್ರೀಜರಿನಲ್ಲಿಟ್ಟು, ಕಾಗದದ ಕೆಲಸ ಬಲ್ಲವರಿಗೆ ಹೇಳಿ ಕಳಿಸಬೇಕು, ಹೊರಗೆ ಬಿಟ್ಟರೆ ಎರಡೇ ದಿನಕ್ಕೆ ಬೂಸ್ಟು ಏಳುತ್ತದೆ.